ಕೇಬಲಿನ ಆಚೆ ತುದಿ

ನಂಬುವುದು ಬಿಡುವುದು ನಿಮಗೆ ಸೇರಿದ್ದು, ನಡೆದದ್ದು ಹಾಡಹಗಲಲ್ಲೇ. ಅಕ್ಕನ ಮನೆಯ ಮಹಡಿಗೆ ವೈಫೈ ಸಿಗುತ್ತಿರಲಿಲ್ಲ. ಕೆಳಗಿನ ರೂಟರಿನಿಂದ ಮೇಲೆ ಇನ್ನೊಂದು ರೂಟರಿಗೆ ಕೇಬಲ್ ಎಳೆಯಲು ಹೋಗಿದ್ದೆ. ಗೋಡೆಯೊಳಗೆ ಮಹಡಿಯವರೆಗೆ ಹೋಗುವ ಹಳೆಯ ಪೈಪಿತ್ತು. ಮೆಟ್ಟಿಲಲ್ಲಿ ಹೆಜ್ಜೆ ಸದ್ದು ಕೇಳಿ, ಅಕ್ಕ ಮೇಲೆ ಹೋದಳು ಅಂದುಕೊಂಡು ಕೇಬಲನ್ನು ಅದರೊಳಗೆ ತೂರಿಸಿ, "ಅಕ್ಕಾ, ಎಳಿ!" ಎಂದು ಕೂಗಿದೆ.

ಕೇಬಲ್ ತಣ್ಣಗೆ, ನಯವಾಗಿ ಕೈಯಿಂದ ಜಾರತೊಡಗಿತು. "ನಿಧಾನ" ಎಂದರೆ ನಿಧಾನವಾಯಿತು. "ಸಾಕು" ಎಂದೆ, ನಿಂತಿತು. ನನ್ನ ಮಾತನ್ನು ಅಕ್ಕ ಕೇಳಿದ್ದು ಅದೇ ಮೊದಲು.

ಅಷ್ಟರಲ್ಲಿ ಅಕ್ಕ ತರಕಾರಿ ಚೀಲ ಹಿಡಿದು ಮುಂಬಾಗಿಲಿನಿಂದ ಒಳಬಂದಳು. "ಯಾರ್ ಹತ್ರ ಮಾತಾಡ್ತಿದ್ದೀಯೋ? ಮನೇಲಿ ಯಾರೂ ಇಲ್ವಲ್ಲೋ!"

ಇಬ್ಬರೂ ಮಹಡಿಗೆ ಓಡಿದೆವು. ಪೈಪಿನ ಬಾಯಿಯ ಮುಚ್ಚಳ ಗೋಡೆಯ ಬಣ್ಣ ಮೆತ್ತಿಕೊಂಡು ಹಾಗೇ ಇತ್ತು. ಚಾಕುವಿನಿಂದ ಎಬ್ಬಿಸಿ ನೋಡಿದರೆ ಒಳಗೆ ಕೇಬಲ್ಲೇ ಇಲ್ಲ.

"ಮತ್ತೆ ಅಷ್ಟುದ್ದದ್ದು ಎಲ್ಲಿಗೆ ಹೋಯ್ತೋ?" ಅಂದಳು ಅಕ್ಕ.

ವಾಪಸ್ ಎಳೆದುಕೊಳ್ಳಬಹುದಿತ್ತು. ಆದರೆ ಕುತೂಹಲ ಕೇಳಬೇಕಲ್ಲ? ಕೆಳಗಿಳಿದು ನನ್ನ ಕಡೆಯ ತುದಿಯನ್ನು ರೂಟರಿಗೆ ಸಿಕ್ಕಿಸಿದೆ. ಆಚೆ ತುದಿಯನ್ನೂ ಯಾವುದಾದರೂ ಯಂತ್ರಕ್ಕೆ ಸಿಕ್ಕಿಸಿದ್ದರೆ ಮಾತ್ರ ರೂಟರಿನಲ್ಲಿ ದೀಪ ಹೊತ್ತುತ್ತದೆ.

ಹಸಿರು ದೀಪ ಹೊತ್ತಿತು, ಮಿನುಗತೊಡಗಿತು.

ಎರಡನೆಯ ರೂಟರು ಡಬ್ಬ ಒಡೆಯದೆ ನನ್ನ ಪಕ್ಕದಲ್ಲೇ ಇತ್ತು.