ಮಲಗಿಸಿದ ಬಳ್ಳಿ

"ನಿನ್ನ ಕೈಗೆ ಬ್ರಷ್ ಕೊಟ್ಟ ಪುಣ್ಯಾತ್ಮರು ಯಾರು?"

ಅವಳು ಅವನಿಗೆ ಆಡಿದ ಮೊದಲ ಮಾತು ಇದು.

ಬಣ್ಣದವನು ಏಣಿಯಿಂದ ಇಳಿಯಲೂ ಇಲ್ಲ. ಅತಿಥಿಗೃಹದ ಸಮುದ್ರದ ಕಡೆಯ ಗೋಡೆ ಬೋಳಾಗಿತ್ತು. ವರ್ಷಗಳಿಂದ ಅವಳು ಮಹಡಿಯವರೆಗೆ ನೆಟ್ಟಗೆ ಹತ್ತಿಸಿದ್ದ ಕಾಡುಬಳ್ಳಿ, ಕುಡಿದು ಬಿದ್ದವನ ಹಾಗೆ ಬೇಲಿಯ ಮೇಲೆ ಅಡ್ಡಡ್ಡ ಮಲಗಿತ್ತು.

ಅದು ಈವರೆಗೆ ಒಂದು ಮೊಗ್ಗನ್ನೂ ಬಿಟ್ಟಿರಲಿಲ್ಲ. ಅತಿಥಿಗೃಹ ನಡೆಸುವ ಅವಳ ಸೋದರತ್ತೆ ಖಡಾಖಂಡಿತವಾಗಿ ಹೇಳಿದ್ದರು: ಈ ಬೇಸಿಗೆಯಲ್ಲೂ ಹೂವಿಲ್ಲದಿದ್ದರೆ ಕಿತ್ತುಹಾಕಿ, ಎದುರುಮನೆಯವರಂತೆ ಪರದೇಶದ ಬಳ್ಳಿ ನೆಡುವುದು.

'ಈ ತೀರದ್ದೇ ಬಳ್ಳಿ ಇರುವಾಗ, ಆ ಬಣ್ಣ ಬಳಿದುಕೊಂಡ ಬಿನ್ನಾಣಗಿತ್ತಿ ಯಾಕೆ...'

"ಕತ್ತರಿಸಿಲ್ಲ. ಕಟ್ಟು ಬಿಚ್ಚಿ ಮಲಗಿಸಿದ್ದೀನಿ ಅಷ್ಟೆ," ಎಂದ ಅವನು.

"ಹೆಣಾನೂ ಹಾಗೇ ಮಲಗಿಸ್ತಾರೆ."

ಅವನು ನಕ್ಕ. ಆ ನಗು ಚೆನ್ನಾಗಿತ್ತು ಎಂಬುದೇ ಅವಳಿಗೆ ಇನ್ನಷ್ಟು ಅಸಹ್ಯವಾಯಿತು.

ಸಂಜೆಯೊಳಗೆ ಅತ್ತೆಯ ಕಿವಿ ಊದಿ ಅವನನ್ನು ಕೆಲಸದಿಂದ ಬಿಡಿಸಿದಳು. ಅರ್ಧ ನೀಲಿ, ಅರ್ಧ ಹಳೆ ಸುಣ್ಣದ ಗೋಡೆ ಅವಳನ್ನು ಅಣಕಿಸುತ್ತ ನಿಂತಿತು. ಬಳ್ಳಿಯನ್ನು ಮತ್ತೆ ಕಟ್ಟಲೂ ಮನಸ್ಸಾಗಲಿಲ್ಲ. ಸಾಯುವುದಾದರೆ ಸಾಯಲಿ...

ಕೆಲವು ವಾರ ಕಳೆದ ಮೇಲೆ ಒಂದು ಬೆಳಗ್ಗೆ ಅತ್ತೆ ಕೂಗಿ ಕರೆದರು. ಮಲಗಿದ ಬಳ್ಳಿಯ ಗೆಣ್ಣುಗೆಣ್ಣಿಗೂ ಬಿಳಿ ಮೊಗ್ಗು. ಇನ್ನು ಕೀಳುವ ಮಾತಿಲ್ಲ ಎಂದು ಅತ್ತೆ ಒಳಗೆ ಹೋದರು.

ಅವಳು ಅಲ್ಲೇ ಕುಳಿತಳು. ನೆಟ್ಟಗೆ ಎಳೆದ ಬಳ್ಳಿ ಕಸುವನ್ನೆಲ್ಲ ತುದಿಗೇ ಸುರಿಯುತ್ತದೆ. ಅಡ್ಡ ಬಾಗಿಸಿದರೆ ಗೆಣ್ಣುಗಳು ಚಿಗುರಿ ಮೊಗ್ಗು ಬಿಡುತ್ತವೆ. ಇದು ಅವಳಿಗೆ ಗೊತ್ತಿರದ ಸಂಗತಿಯಲ್ಲ. ಉಳಿದ ಬಳ್ಳಿಗಳನ್ನು ಹಾಗೆಯೇ ಬೆಳೆಸಿದ್ದಳು. ಇದನ್ನು ಮಾತ್ರ, ಎದುರುಮನೆಯದಕ್ಕಿಂತ ಎತ್ತರ ಹೋಗಲೆಂಬ ಹಟಕ್ಕೆ, ಮೇಲೆ ಮೇಲೆ ಎಳೆದಿದ್ದಳು.

'ಥೂ... ಎಂಥ ಬುದ್ಧಿವಂತೆ ನಾನು.'

ಬಣ್ಣದವನು ಬಂದರಿನ ಹತ್ತಿರ ಅಂಗಡಿಯೊಂದರ ಬಾಗಿಲು ಬಳಿಯುತ್ತಿದ್ದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಕ್ಷಮೆಯ ಮಾತು ಬಿಟ್ಟು ಅವಳು ಬೇರೆಯದನ್ನೇ ಕೇಳಿದಳು.

"ಹೂ ಬಿಡುತ್ತೆ ಅಂತ ಗೊತ್ತಿತ್ತಾ ನಿಂಗೆ?"

"ನಂಗೇನು ಗೊತ್ತು? ಎದುರುಮನೆಗೆ ಬಣ್ಣ ಹೊಡೀವಾಗ ನೋಡ್ತಿದ್ದೆ. ಬೈತಾ ಬೈತಾನೇ ಅದನ್ನ ಮಗು ಥರ ಎತ್ತಿ ಕಟ್ತಿದ್ರಿ. ಕತ್ತರಿ ಹಾಕೋಕೆ ಕೈ ಬರಲಿಲ್ಲ."

ಅವಳು ನೆಲ ನೋಡಿದಳು.

"ನಿನ್ನ ಕೆಲಸ ಕಳೆದಿದ್ದು ನನ್ನ ತಪ್ಪು. ಬಾ ವಾಪಸ್."

"ಗೋಡೆ ಮುಗಿಸೋಕಾ?"

"ಗೋಡೆಗೆ ನಿನಗಿಂತ ಚೆನ್ನಾಗಿ ಬಳಿಯೋರು ಬೇಕಾದಷ್ಟು ಜನ ಇದಾರೆ."

ಅವನು ಬ್ರಷ್ ಕೆಳಗಿಟ್ಟ. "ಮತ್ಯಾಕೆ... ಬೈಯೋಕಾ?"

"ಹೂಂ. ದಿನಾ."

ಅವನು ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದ.

"ದಿನಾ ಅಂದ್ರೆ ಬರ್ತೀನಿ ಕಣೆ."