ರುಸ್ತಾಕ್ ಕೋಟೆಯ ಫಿರಂಗಿ ಗುಂಡು

ಕೊಗ್ಗನ ತಲೆ ಒಡೆದ ತೆಂಗಿನಕಾಯಿಯ ಹಾಗೆ ಬಿರಿದಿತ್ತು. ರುಸ್ತಾಕ್ ಕೋಟೆಯ ಬುರುಜಿನಲ್ಲಿ, ಫಿರಂಗಿಯ ಬುಡಕ್ಕೆ ಬಿದ್ದಿದ್ದ. ಪಕ್ಕದಲ್ಲೇ ಕೂದಲು ಮೆತ್ತಿದ ಕಬ್ಬಿಣದ ಗುಂಡು. ಆ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಎದೆಯವರೆಗೂ ರಕ್ತವಾಗಿ ಕೂತಿದ್ದವನು ಪ್ರವಾಸದ ಗೈಡ್ ಬಾದುಶಾ. ಬಸ್ ಓಡಿಸಿಕೊಂಡು ಬಂದಿದ್ದ ಅವನ ತಮ್ಮ ಅಬ್ಬಾಸ್ ಅದನ್ನು ಕಂಡು "ಅಣ್ಣಾ!" ಎಂದು ಕೂಗಿದ.

೧೯೯೧ರ ಆ ಶುಕ್ರವಾರ ಘಾಲಾದಿಂದ ಹೊರಟ ಬಸ್ಸಿನಲ್ಲಿದ್ದವರೆಲ್ಲ ಅರಬರ ನಾಡಿಗೆ ದುಡಿಯಲು ಬಂದ ನಮ್ಮ ಊರಿನವರೇ. ಫಿರಂಗಿಯ ಮೇಲೆ ಹತ್ತಿ ಕೂತ ಗ್ಯಾರೇಜ್ ಫೋರ್‌ಮನ್ ಕೊಗ್ಗನನ್ನು ಬಾದುಶಾ ಕಾಲರ್ ಹಿಡಿದು ಇಳಿಸಿದ್ದನ್ನು ಎಲ್ಲರೂ ನೋಡಿದ್ದರು. ಆಮೇಲೆ ಜನ ಬಿಸಿನೀರಿನ ಬುಗ್ಗೆಗೆ ಹೋದರು. ಕೊಗ್ಗ ಬರಲಿಲ್ಲವೆಂದು ಕರೆಯಲು ಮೇಲೆ ಹತ್ತಿದವನು ಬಾದುಶಾ ಒಬ್ಬನೇ. ಪೊಲೀಸ್ ಅಧಿಕಾರಿಗೆ ಅಷ್ಟು ಸಾಕಾಯಿತು. "ಖಲಾಸ್" ಎಂದು ಬೇಡಿ ತೊಡಿಸಿದ.

ಅದೇ ಬಸ್ಸಿನಲ್ಲಿ ಬಂದಿದ್ದ ಸ್ವರ್ಣಲತಾಳ ಬಳಿಗೆ ಅಬ್ಬಾಸ್ ಓಡಿದ. ಘಾಲಾದ ಕ್ಲಿನಿಕ್ಕಿನ ಈ ನರ್ಸ್ ಎಷ್ಟೋ ಗುಟ್ಟುಗಳನ್ನು ಬಯಲಿಗೆಳೆದಿದ್ದಳು. ಪ್ರತಿ ಸಲ ಅವಳ ಜೊತೆಗಿದ್ದವನು ಅವನೇ.

"ಸ್ವರ್ಣಕ್ಕಾ, ಅಣ್ಣನ ತಲೆ ಹೋಗ್ತದೆ. ಎಂತಾದರೂ ಮಾಡಿ!"

ಅವಳು ತನ್ನ ಪಾದವನ್ನೇ ನೋಡುತ್ತಿದ್ದಳು. "ನೋಡು ಮಾರಾಯ, ಬುಗ್ಗೆಯಲ್ಲಿ ಸ್ವಲ್ಪ ಹೊತ್ತು ಕಾಲು ಇಳಿಬಿಟ್ಟದ್ದಷ್ಟೆ. ಬೆಳ್ಳಿ ಕಾಲುಂಗುರ ಕರಿ ಆಗಿದೆ."

"ನನಗೆ ಪ್ರಾಣಸಂಕಟ, ನಿಮಗೆ ಕಾಲುಂಗುರವಾ!" ಅಬ್ಬಾಸ್ ಕಿರುಚಿದ.

"ಎಲ್ಲರನ್ನೂ ಕೋಟೆಯ ಅಂಗಳಕ್ಕೆ ಕರಿ. ಹೇಗಿದ್ದಾರೋ ಹಾಗೇ ಬರಲಿ."

ಬಂದರು. ಕೊಗ್ಗನ ಗ್ಯಾರೇಜಿನ ಮೆಕ್ಯಾನಿಕ್ ಬೋಜ ಸೊಂಟಕ್ಕೆ ಒದ್ದೆ ಬೈರಾಸು ಸುತ್ತಿಕೊಂಡು, ಇನ್ನೂ ಒದ್ದೆ ತಲೆಯಲ್ಲೇ ನಿಂತ. "ನಾನು ಬುರುಜು ಇಳಿದವನೇ ಬುಗ್ಗೆಗೆ ಹೋದೆ. ಒಂದು ಗಂಟೆ ಕುತ್ತಿಗೆವರೆಗೆ ಮುಳುಗಿ ಕೂತಿದ್ದೆ. ಸ್ನಾನದ ಕೋಣೆ ಬೇರೆ ಬೇರೆ, ಯಾರು ನೋಡ್ತಾರೆ?"

ಸ್ವರ್ಣಲತಾ ಮಾತು ಶುರುಮಾಡಿದಳು. ಅಬ್ಬಾಸ್ ಅದನ್ನು ಅಧಿಕಾರಿಗೆ ಅರಬಿಯಲ್ಲಿ ಹೇಳುತ್ತ ಹೋದ.

"ಅಂಥ ಏಟು ಹಾಕಿದವನ ಮುಖಕ್ಕೆ ರಕ್ತ ಚಿಮ್ಮಬೇಕು. ಬಾದುಶಾನ ಮುಖದಲ್ಲಿ ಒಂದು ಹನಿ ಇಲ್ಲ. ತೊಡೆ, ಎದೆಯಲ್ಲಿ ಮಾತ್ರ ಉಂಟು, ಬಿದ್ದವನನ್ನು ಎತ್ತಿಕೊಂಡದ್ದಕ್ಕೆ. ಇನ್ನು ಆ ಬುಗ್ಗೆಯಲ್ಲಿರುವುದು ಗಂಧಕದ ನೀರು, ತಾಗಿದರೆ ಬೆಳ್ಳಿ ಕರಿ ಆಗ್ತದೆ. ಮೊಯ್ದುಕಾ, ನೀವೂ ಮಿಂದಿರಲ್ಲ? ಉಂಗುರ ತೋರಿಸಿ."

ಮುದುಕ ಮೊಯ್ದು ಕೈ ಚಾಚಿದ. ಬೆಳ್ಳಿಯುಂಗುರ ಕಪ್ಪಗಾಗಿತ್ತು.

"ಬೋಜಾ, ಬೈರಾಸಿನ ಮೇಲೆ ಕಾಣುವ ನಿನ್ನ ಉಡಿದಾರವೂ ಬೆಳ್ಳಿಯದ್ದೇ. ಯಾವಾಗಲೂ ಕಟ್ಟಿಕೊಂಡೇ ಇರುವುದು, ಮೈಮೇಲೆ ಉಂಟೆಂಬುದೇ ನಿನಗೆ ಮರೆತುಹೋಗಿದೆ. ಒಂದು ಗಂಟೆ ಮುಳುಗಿದ್ದು ಹೀಗೆ ಫಳಫಳ ಹೊಳೆಯುವುದುಂಟಾ? ನೀನು ಮೈ ತೊಳೆದದ್ದು ಕೋಟೆಯೊಳಗಿನ ತಣ್ಣೀರಿನ ಕಾಲುವೆಯಲ್ಲಿ. ನಿನ್ನ ಅಂಗಿ ಎಲ್ಲಿ?"

ಪೊಲೀಸರು ಕಾಲುವೆಯ ಕಲ್ಲುಗಳ ಅಡಿಯಿಂದ ಅದನ್ನು ಎಳೆದು ತಂದರು. ಎದೆಭಾಗದಲ್ಲಿ ರಕ್ತದ ಕಲೆ ಇನ್ನೂ ಇತ್ತು. ಅಬ್ಬಾಸ್ ಮುಷ್ಟಿ ಬಿಗಿದು ಬೋಜನ ಮೇಲೆ ನುಗ್ಗಿದ.

"ಹೌದು, ನಾನೇ!" ಬೋಜ ಅರಚಿದ. "ಜಾಕ್ ಸರಿ ಇಲ್ಲ ಅಂತ ನನ್ನಣ್ಣ ಅಂಗಾರ ಕೈ ಮುಗಿದ. ಆದರೂ ಈ ಕೊಗ್ಗ ಅವನನ್ನು ಲಾರಿಯಡಿಗೆ ಕಳಿಸಿದ. ಅಣ್ಣನ ಎದೆ ಅಪ್ಪಚ್ಚಿ ಆಯ್ತು. ತಪ್ಪು ಅಂಗಾರನದ್ದೇ ಅಂತ ಹೇಳಿದ, ಈ ನಾಯಿ!"

ಅಬ್ಬಾಸ್‌ನ ಎತ್ತಿದ ಕೈ ತಾನಾಗಿಯೇ ಇಳಿಯಿತು.

"ನಿನ್ನ ಸಂಕಟ ಸುಳ್ಳಲ್ಲ ಬೋಜ," ಎಂದಳು ಸ್ವರ್ಣಲತಾ. "ಆದರೆ ಬಾದುಶಾನಿಗೆ ಬೇಡಿ ಹಾಕುವಾಗ ಬಾಯಿಗೆ ಬೀಗ ಹಾಕಿ ನಿಂತೆಯಲ್ಲ. ಈ ಹುಡುಗನಿಗೂ ಇರುವುದು ಒಬ್ಬನೇ ಅಣ್ಣ."

ಬೋಜ ಆಗಷ್ಟೇ ಅಬ್ಬಾಸ್‌ನ ಮುಖ ನೋಡಿದ. ನೋಡಲಾರದೆ ತಲೆ ತಗ್ಗಿಸಿ, ಎರಡೂ ಕೈಗಳನ್ನು ಅಧಿಕಾರಿಯ ಮುಂದೆ ಚಾಚಿದ. ಬಾದುಶಾನಿಂದ ಬಿಚ್ಚಿದ ಬೇಡಿಯೇ ಅವನ ಕೈಗೆ ಬಿತ್ತು.

"ತಪ್ಪಾಯ್ತು ಅಬ್ಬಾಸ್," ಎಂದ.

ಅಬ್ಬಾಸ್ ರಕ್ತ ಮೆತ್ತಿದ್ದ ಅಣ್ಣನ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತುಬಿಟ್ಟ.