ಐದು ಗಂಟೆ ತಡವಾಗಿ ಬಂದ ಸಂಜೆ

ಟಿಂಗ್...

ಸರ್ವರ್ ಕೋಣೆಯ ಫ್ಯಾನುಗಳ ಮೊರೆತದ ನಡುವೆ ಆ ಸಣ್ಣ ಸದ್ದಿಗೆ, ಆಸ್ಪತ್ರೆಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಅವಳು ಬೆಚ್ಚಿಬಿದ್ದಳು. ರಾತ್ರಿ ಹತ್ತು ಗಂಟೆ. ಫೋನಿನಲ್ಲಿ ಆಸ್ಪತ್ರೆಯ ಸರ್ವರ್ ಕಳಿಸಿದ ಸಂದೇಶ.

"ಗುಬ್ಬಿಯವರೇ, ಈಗ ಸಂಜೆ ಐದು. ಎದುರಿನ ಟೀ ಅಂಗಡಿಯಲ್ಲಿ ಕಾಯ್ತಿದ್ದೀನಿ. ನೀವು ಬಂದ್ರೆ ಈ ಊರಲ್ಲೇ ಉಳೀತೀನಿ. ಬರದಿದ್ರೆ ಅದೇ ಉತ್ತರ ಅಂದ್ಕೊಂಡು ರಾತ್ರಿ ರೈಲು ಹತ್ತುತೀನಿ."

ಸಂಜೆ ಐದು?

ತಮಾಷೆ ಮಾಡುತ್ತಿದ್ದಾನೆಯೇ? ಕೆಲಸ ಮುಗಿಯಿತೆಂದು ಸಂಜೆ ಒಂದು ಮಾತೂ ಹೇಳದೆ ಚೀಲ ಹೆಗಲಿಗೇರಿಸಿ ಹೋದವನು! ಅವನ ಖಾಲಿ ಕುರ್ಚಿಯನ್ನು ನೋಡಿ ನೋಡಿ ಅವಳ ಕಣ್ಣು ಇನ್ನೂ ಉರಿಯುತ್ತಿತ್ತು.

ತಿಂಗಳ ಹಿಂದೆ ಇದೇ ಕೋಣೆಯಲ್ಲಿ, ಯಂತ್ರಗಳ ಸಂದಿಯಲ್ಲಿ ಮಂಡಿಯೂರಿ ಕೂತಿದ್ದ ಅಪರಿಚಿತನ ಮುಖಕ್ಕೆ ಅವಳು ಟಾರ್ಚ್ ಬಿಟ್ಟಿದ್ದಳು.

"ಯಾರ್ರೀ ನೀವು?"

"ಟೈಮ್ ಸರಿ ಮಾಡೋಕೆ ಬಂದವನು."

"ನಿಮ್ಮ ಟೈಮೇ ಸರಿಯಿಲ್ಲ. ಕಳ್ಳ ಅಂತ ಸೆಕ್ಯುರಿಟಿಗೆ ಫೋನ್ ಮಾಡಿಯಾಯ್ತು."

ಆಸ್ಪತ್ರೆಯ ಸರ್ವರ್‌ಗಳೆಲ್ಲ ದೂರದೇಶದ ಪ್ರಧಾನ ಕಚೇರಿಯ ಸಮಯದಲ್ಲೇ ಓಡುತ್ತಿದ್ದವು, ಇಲ್ಲಿಗಿಂತ ಐದು ಗಂಟೆ ಹಿಂದೆ. ಅವನ್ನು ಇಲ್ಲಿನ ಸಮಯಕ್ಕೆ ತರಲು ಬಂದವನಿಗೆ ಅಂದಿನಿಂದ ಗಡಿಯಾರ ಎಂದೇ ಹೆಸರು ಬಿತ್ತು. ಸಣ್ಣಪುಟ್ಟದಕ್ಕೂ ಗಾಬರಿಯಾಗುವ ಅವಳನ್ನು ವಾರ್ಡಿನ ಹಿರಿಯ ನರ್ಸ್ ಅಕ್ಕ ಮೊದಲೇ ಗುಬ್ಬಿ ಮಾಡಿದ್ದಳು.

ಇವತ್ತು ಮಧ್ಯಾಹ್ನ ಟೈಮ್ ಝೋನ್ ಬದಲಿಸುವ ಒಂದೇ ಸಾಲಿನ ಕಮಾಂಡ್ ಬರೆದು, ಎಂಟರ್ ಒತ್ತಲು ಅವಳನ್ನೇ ಕರೆದಿದ್ದ. ಒತ್ತಿದ್ದೇ ತಡ, ಐದು ಗಂಟೆ ಹಾರಿಹೋಗಿತ್ತು. ಅವಳ ಮೈ ಜುಮ್ಮೆಂದಿತ್ತು.

"ಕಾಲ ಬದಲಾಗಿಲ್ಲ ಕಣ್ರೀ," ಎಂದಿದ್ದ ಮೆಲ್ಲಗೆ. "ಒಳಗೆ ಯಂತ್ರ ಸೆಕೆಂಡುಗಳನ್ನ ಎಣಿಸ್ತಾನೇ ಇರುತ್ತೆ. ಆ ಎಣಿಕೆ ಲೋಕಕ್ಕೆಲ್ಲ ಒಂದೇ. ಬೆಳಗ್ಗೆ, ರಾತ್ರಿ... ಅವೆಲ್ಲ ಅವರವರು ಇಟ್ಕೊಂಡ ಹೆಸರು."

ಎಲ್ಲೆಲ್ಲೋ ಇರುವವರೆಲ್ಲ ಒಂದೇ ಕ್ಷಣದೊಳಗೆ ಕೂತಿದ್ದೇವೆ! ಆ ಬೆರಗು ಅವಳನ್ನು ಇನ್ನೂ ಬಿಟ್ಟಿರಲಿಲ್ಲ.

ಹಾಗಾದರೆ ಈ ಸಂದೇಶ?

ಸರ್ವರಿನಲ್ಲಿ ಹುಡುಕಿದಳು. ಸರ್ವರ್ ಗಡಿಯಾರ ಸರಿಯಾಗಿತ್ತು. ಆದರೆ ಹೇಳಿದ ವೇಳೆಗೆ ಕೆಲಸಗಳನ್ನು ಓಡಿಸುವ ಕ್ರಾನ್ ಎಂಬ ಪ್ರೋಗ್ರಾಂ ಬದಲಾವಣೆಗೂ ಮೊದಲೇ ಶುರುವಾಗಿತ್ತು. ಅದನ್ನು ನಿಲ್ಲಿಸಿ ಮತ್ತೆ ಶುರುಮಾಡದಿದ್ದರೆ ಹಳೆಯ ಸಮಯವನ್ನೇ ನಂಬಿಕೊಂಡಿರುತ್ತದೆ. ಅದರ ಪಾಲಿಗೆ ಈಗಷ್ಟೇ ಸಂಜೆ ಐದಾಗಿತ್ತು!

ಎದುರು ನಿಂತು ಹೇಳಲಾಗದೆ, ಅವನು ಸಂಜೆ ಐದಕ್ಕೆ ಕಳಿಸೆಂದು ಮನಸ್ಸನ್ನು ಕ್ರಾನ್ ಕೈಗೆ ಕೊಟ್ಟಿದ್ದ.

ಬಾಗಿಲಿಗೆ ಓಡಿದವಳು ಥಟ್ಟನೆ ನಿಂತಳು. ಬೆಳಗ್ಗೆ ಆರಕ್ಕೆಂದು ಇವತ್ತೇ ಹೊಸದಾಗಿ ಬರೆದಿಟ್ಟ ಔಷಧಿಯ ಗಂಟೆಯನ್ನು ವಾರ್ಡುಗಳಲ್ಲಿ ಬಾರಿಸುವುದೂ ಇದೇ ಕ್ರಾನ್. ರೈಲು ತಪ್ಪಿದರೆ? ಔಷಧಿ ತಪ್ಪಿದರೆ? ವಾಪಸ್ಸು ಬಂದು, ಕ್ರಾನ್ ಮತ್ತೆ ಶುರುಮಾಡಿ, ಸರಿಯಾಗಿದೆಯೆಂದು ಎರಡು ಸಲ ನೋಡಿ, ಆಮೇಲೆ ಮೆಟ್ಟಿಲಿಳಿದಳು.

ಟೀ ಅಂಗಡಿಯ ಷಟರ್ ಎಳೆದಾಗಿತ್ತು. ಕಟ್ಟೆಯ ಮೇಲಿದ್ದವನು ಆಗಷ್ಟೇ ಚೀಲ ಎತ್ತಿಕೊಳ್ಳುತ್ತಿದ್ದ.

ಐದು ಗಂಟೆ ಕಾಲ ಇಬ್ಬರ ನಡುವೆ ಇದ್ದದ್ದು ಒಂದು ರಸ್ತೆಯ ಅಗಲ.

"ಈಗ ಬಂದ್ರಾ..." ಅವನ ದನಿ ಬಿದ್ದುಹೋಗಿತ್ತು.

ಅವಳು ಫೋನ್ ಮುಂದೆ ಹಿಡಿದಳು. ಸಂದೇಶ ಬಂದ ವೇಳೆ ನೋಡಿ ಅವನ ಮುಖ ಬಿಳಿಚಿತು. "ಅಯ್ಯೋ, ಕ್ರಾನ್! ಬೆಳಗ್ಗೆ ಔಷಧಿ ಗಂಟೆ..."

"ಆರಕ್ಕೇ ಹೊಡೆಯುತ್ತೆ. ಸರಿಮಾಡಿ ಬಂದೆ. ನಿಮ್ಮ ಸಂದೇಶ ಬರದಿದ್ರೆ ಹನ್ನೊಂದಕ್ಕೆ ಹೊಡೀತಿತ್ತು."

ಅವನು ಕಟ್ಟೆಯ ಮೇಲೆ ಕುಸಿದು ಕೂತ. ಅವಳೂ ಪಕ್ಕದಲ್ಲಿ ಕೂತಳು. ದೂರದಲ್ಲಿ ರೈಲು ಕೂಗಿತು. ಇಬ್ಬರೂ ಏಳಲಿಲ್ಲ.

"ಉತ್ತರ?" ಎಂದ.

"ಬಾಯಿಬಿಟ್ಟು ಕೇಳಿದ್ರೆ ಹೇಳ್ತೀನಿ. ಯಂತ್ರದ ಕೈಲಿ ಕೇಳಿಸಿದ್ರೆ ಇಲ್ಲ."

ಚೀಲ ಕೆಳಗಿಟ್ಟ. ಆಮೇಲೆ ಅವಳನ್ನು ನೋಡಿದ. "ಗುಬ್ಬೀ... ನಾನು ಇಲ್ಲೇ ಇರ್ಲಾ?"

"ಇರು."

ಅವಳು ಹಿಂತಿರುಗಿದಾಗ ನರ್ಸ್ ಅಕ್ಕ ವರಾಂಡದಲ್ಲೇ ಅಡ್ಡ ನಿಂತಳು. "ಎಲ್ಲಿಗೆ ಓಡಿದ್ದೆಯೇ? ಏನಾಯ್ತು?"

ವಾರ್ಡಿನಲ್ಲಿ ಎಲ್ಲರೂ ಮಲಗಿದ್ದರು. ಅವರನ್ನು ಬೆಳಗ್ಗೆ ವೇಳೆಗೆ ಸರಿಯಾಗಿ ಎಬ್ಬಿಸಲಿದ್ದದ್ದು ವೇಳೆ ತಪ್ಪಿ ಬಂದ ಒಂದು ಪ್ರೀತಿಯ ಮಾತು.

"ಏನಿಲ್ಲಕ್ಕಾ, ಟೀ ಕುಡಿಯೋಣ ಅಂತ ಹೋದೆ. ಅಂಗಡಿ ಮುಚ್ಚಿತ್ತು," ಎಂದಳು.

ಯಾರಿಗೂ ಹೇಳುವುದಿಲ್ಲ, ಎಂದುಕೊಂಡಳು. ಯಾವತ್ತೂ.